ಬಾಂಗ್ಲಾದೇಶಕ್ಕೆ ರಾಷ್ಟ್ರಧರ್ಮ ಬಂದದ್ದು ಹೇಗೆ?

ಬಾಂಗ್ಲಾದೇಶದ ಸಂವಿಧಾನದಲ್ಲಿ 2011ರಿಂದ ಎರಡು ಮಾತು ಒಟ್ಟಿಗೆ ಕೂತಿವೆ. ರಾಷ್ಟ್ರಧರ್ಮ ಇಸ್ಲಾಂ ಅನ್ನುತ್ತದೆ 2ಎ ವಿಧಿ. ಸರ್ಕಾರ ಯಾವ ಧರ್ಮಕ್ಕೂ ರಾಜಕೀಯ ಸ್ಥಾನಮಾನ ಕೊಡಬಾರದು ಅನ್ನುತ್ತದೆ 12ನೇ ವಿಧಿ. ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆ? ರಾಷ್ಟ್ರಧರ್ಮ ಜನ ಬೀದಿಗಿಳಿದು ಕೇಳಿ ಪಡೆದದ್ದಲ್ಲ. ಗದ್ದುಗೆ ಅಲುಗಾಡಿದಾಗ ಆಳುವವರು ಧರ್ಮದ ಆಸರೆ ಹುಡುಕಿದ್ದರಿಂದ ಆದದ್ದು.

1971ರಲ್ಲಿ ಪಾಕಿಸ್ತಾನದ ಸೇನೆ ಇಸ್ಲಾಮನ್ನು ಉಳಿಸುತ್ತೇವೆ ಅನ್ನುತ್ತಲೇ ಬಂಗಾಳಿಗಳನ್ನು ಕೊಂದಿತ್ತು. ಸತ್ತವರಲ್ಲಿ ಮುಸ್ಲಿಮರೂ ಇದ್ದರು, ಹಿಂದೂಗಳೂ ಇದ್ದರು. ಆ ಗಾಯ ಹಸಿಯಾಗಿದ್ದಾಗಲೇ 1972ರ ಸಂವಿಧಾನ ಬಂತು. ರಾಷ್ಟ್ರೀಯತೆ, ಸಮಾಜವಾದ, ಪ್ರಜಾಪ್ರಭುತ್ವ, ಜಾತ್ಯತೀತತೆ ಅದರ ನಾಲ್ಕು ಕಂಬಗಳು. ಧರ್ಮದ ಹೆಸರಲ್ಲಿ ಪಕ್ಷ ಕಟ್ಟುವುದಕ್ಕೂ ನಿಷೇಧವಿತ್ತು.

1975ರ ಆಗಸ್ಟ್ 15ರಂದು ದೇಶ ಕಟ್ಟಿದ ನಾಯಕ, ರಾಷ್ಟ್ರಪತಿ ಶೇಖ್ ಮುಜೀಬರ ಕೊಲೆಯಾಯಿತು. ಆಮೇಲೆ ಅಧಿಕಾರ ಹಿಡಿದ ಜನರಲ್ ಜಿಯಾವುರ್ ರೆಹಮಾನ್ 1977ರಲ್ಲಿ ಒಂದು ಆದೇಶ ಹೊರಡಿಸಿ ಜಾತ್ಯತೀತತೆಯನ್ನು ಕಿತ್ತುಹಾಕಿದರು. ಅದರ ಜಾಗಕ್ಕೆ ಅಲ್ಲಾಹನಲ್ಲಿ ಸಂಪೂರ್ಣ ನಂಬಿಕೆ ಎಂಬ ಮಾತು ಬಂತು. 1979ರಲ್ಲಿ ಸಂಸತ್ತು ಐದನೇ ತಿದ್ದುಪಡಿಯ ಮೂಲಕ ಇದಕ್ಕೆ ಮೊಹರು ಒತ್ತಿತು.

ರಾಷ್ಟ್ರಧರ್ಮ ಎಂಬ ಮಾತು ಬಂದದ್ದು ಇನ್ನೊಬ್ಬ ಜನರಲ್ ಕಾಲದಲ್ಲಿ. ಎಚ್.ಎಂ. ಎರ್ಷಾದ್ 1982ರಲ್ಲಿ ಸೇನೆಯ ಬಲದಿಂದ ಅಧಿಕಾರಕ್ಕೆ ಬಂದವರು. 1987ರ ಹೊತ್ತಿಗೆ ಢಾಕಾದ ಬೀದಿಗಳು ಅವರ ವಿರುದ್ಧ ಕುದಿಯುತ್ತಿದ್ದವು. ನವೆಂಬರ್ 10ರಂದು ನೂರ್ ಹುಸೇನ್ ಎಂಬ ಯುವಕ ಸರ್ವಾಧಿಕಾರಕ್ಕೆ ಧಿಕ್ಕಾರವನ್ನು ತನ್ನ ಮೈಮೇಲೇ ಬರೆಸಿಕೊಂಡು ಮೆರವಣಿಗೆಗೆ ಬಂದ. ಪೊಲೀಸರ ಗುಂಡಿಗೆ ಬಲಿಯಾದ. 1988ರ ಮಾರ್ಚ್‌ನ ಚುನಾವಣೆಯನ್ನು ಮುಜೀಬರ ಪಕ್ಷ ಅವಾಮಿ ಲೀಗ್, ಜಿಯಾವುರ್ ಕಟ್ಟಿದ ಬಿಎನ್‌ಪಿ ಎರಡೂ ಬಹಿಷ್ಕರಿಸಿದವು. ಹೀಗೆ ಮುಖ್ಯ ವಿರೋಧಪಕ್ಷಗಳೇ ಇಲ್ಲದಂತೆ ಆರಿಸಿಬಂದ ಸಂಸತ್ತು ಜೂನ್‌ನಲ್ಲಿ ಎಂಟನೇ ತಿದ್ದುಪಡಿ ಪಾಸು ಮಾಡಿ ಇಸ್ಲಾಮನ್ನು ರಾಷ್ಟ್ರಧರ್ಮ ಎಂದು ಸಾರಿತು. ಜನರ ಒಪ್ಪಿಗೆ ಇಲ್ಲದ ಆಡಳಿತಕ್ಕೆ ದೇವರ ಹೆಸರು ಬೇಕಾಯಿತು, ಅಷ್ಟೇ. ಅದೂ ಎರ್ಷಾದರನ್ನು ಉಳಿಸಲಿಲ್ಲ. 1990ರ ಡಿಸೆಂಬರ್‌ನಲ್ಲಿ ಜನ ಅವರನ್ನು ಇಳಿಸಿಯೇಬಿಟ್ಟರು. ಆದರೆ ವಿಧಿ ಉಳಿಯಿತು.

ತಿದ್ದುಪಡಿ ಬಂದ ಅದೇ ವರ್ಷ ಕವಯಿತ್ರಿ ಸುಫಿಯಾ ಕಮಾಲ್ ಸೇರಿ 15 ಮಂದಿ ಗಣ್ಯರು ಒಂದು ಸಮಿತಿಯ ಹೆಸರಲ್ಲಿ ಅದನ್ನು ಪ್ರಶ್ನಿಸಿ ಹೈಕೋರ್ಟ್ ಮೆಟ್ಟಿಲೇರಿದರು. ಹಿಂದೂ, ಬೌದ್ಧ, ಕ್ರೈಸ್ತರು ಸೇರಿ ಐಕ್ಯ ಪರಿಷತ್ ಕಟ್ಟಿಕೊಂಡರು.

ಇದೇ ಎಂಟನೇ ತಿದ್ದುಪಡಿಯಲ್ಲಿ ಹೈಕೋರ್ಟ್ ಪೀಠಗಳನ್ನು ಢಾಕಾದ ಹೊರಗೆ ಹಂಚುವ ಭಾಗವೂ ಇತ್ತು. 1989ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೂಡ ಮುಟ್ಟುವಂತಿಲ್ಲ ಎಂಬುದು ಅದರ ಆಧಾರ. ಭಾರತದಲ್ಲಿ 1973ರಲ್ಲಿ ಈ ತತ್ವವನ್ನು ಕೊಟ್ಟ ಮೊಕದ್ದಮೆಯ ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. ಯಕ್ಷಗಾನ ಪ್ರಿಯರಾಗಿ ನಮ್ಮವರಿಗೆ ಗೊತ್ತಿರುವ ಸ್ವಾಮೀಜಿಯ ಮೊಕದ್ದಮೆ ಢಾಕಾದವರೆಗೂ ಹೋಯಿತು ಅನ್ನುವುದು ನನಗೆ ಈಗಲೂ ಹೆಮ್ಮೆಯ ವಿಷಯ.

ಐದನೇ ತಿದ್ದುಪಡಿ ಬಿದ್ದದ್ದು ಒಂದು ಸಿನಿಮಾ ಟಾಕೀಸಿನಿಂದ. ಢಾಕಾದ ಮೂನ್ ಟಾಕೀಸನ್ನು ಸರ್ಕಾರ ಪರಿತ್ಯಕ್ತ ಆಸ್ತಿ ಎಂದು ವಶಕ್ಕೆ ತೆಗೆದುಕೊಂಡಿತ್ತು. ಅದನ್ನು ವಾಪಸ್ ಕೇಳಲು ಮಾಲೀಕರಿಗೆ ಸೇನಾಡಳಿತದ ಕಾಲದ ಕಾನೂನು ಅಡ್ಡ ಬಂತು. ಆ ಕಾನೂನುಗಳೂ, ಅವಕ್ಕೆ ಮೊಹರು ಒತ್ತಿದ್ದ ಐದನೇ ತಿದ್ದುಪಡಿಯೂ ಅಕ್ರಮ ಎಂದು 2005ರಲ್ಲಿ ಹೈಕೋರ್ಟ್ ಹೇಳಿತು. 2010ರಲ್ಲಿ ಸುಪ್ರೀಂ ಕೋರ್ಟಿನ ಮೇಲ್ಮನವಿ ಪೀಠ ಬಹುಪಾಲು ಒಪ್ಪಿತು.

ಈಗಲಾದರೂ 1972ಕ್ಕೆ ಮರಳಬಹುದಿತ್ತು. ಮುಜೀಬರ ಮಗಳು ಶೇಖ್ ಹಸೀನಾ ಅವರ ಅವಾಮಿ ಲೀಗ್ ಸರ್ಕಾರಕ್ಕೆ ಮೂರನೇ ಎರಡಕ್ಕಿಂತ ಜಾಸ್ತಿ ಬಹುಮತವಿತ್ತು. 2011ರ 15ನೇ ತಿದ್ದುಪಡಿ ಜಾತ್ಯತೀತತೆಯನ್ನು ವಾಪಸ್ ತಂದಿತು. ರಾಷ್ಟ್ರಧರ್ಮವನ್ನು ಮಾತ್ರ ಮುಟ್ಟಲಿಲ್ಲ. ಬೇರೆ ಧರ್ಮಗಳಿಗೂ ಸಮಾನ ಸ್ಥಾನ, ಸಮಾನ ಹಕ್ಕು ಎಂದು ಒಂದು ಮಾತು ಸೇರಿಸಿತು. ಶೇಕಡ 90ರಷ್ಟು ಮತದಾರರು ಒಂದೇ ಧರ್ಮದವರಾದಾಗ ಆ ಸಾಲು ಅಳಿಸುವ ಧೈರ್ಯ ಯಾವ ಪಕ್ಷಕ್ಕೂ ಬರಲಿಲ್ಲ. ಒಮ್ಮೆ ಸೇರಿಸಿದರೆ ತೆಗೆಯುವವನೇ ಧರ್ಮದ್ರೋಹಿ ಅನಿಸಿಕೊಳ್ಳುತ್ತಾನೆ. ಇದು ಗೊತ್ತಿದ್ದೇ ಎರ್ಷಾದ್ ಈ ದಾರಿ ಹಿಡಿದರು ಅಂತ ನನಗನಿಸುತ್ತದೆ.

1988ರ ಆ ಅರ್ಜಿ ಏನಾಯಿತು? 2016ರ ಮಾರ್ಚ್ 28ರಂದು ಹೈಕೋರ್ಟ್ ಅದನ್ನು ಕೆಲವೇ ನಿಮಿಷಗಳಲ್ಲಿ ತಳ್ಳಿಹಾಕಿತು. ಅರ್ಜಿ ಹಾಕಲು ಆ ಸಮಿತಿಗೆ ಹಕ್ಕಿಲ್ಲ ಎಂಬುದು ಕಾರಣ. ಅಷ್ಟರಲ್ಲಿ ಸುಫಿಯಾ ಕಮಾಲ್ ತೀರಿಕೊಂಡು 16 ವರ್ಷ ದಾಟಿತ್ತು.

2024ರಲ್ಲಿ ಹಸೀನಾ ಸರ್ಕಾರ ಉರುಳಿದ ಮೇಲೆ ಸಂವಿಧಾನ ಸುಧಾರಣಾ ಆಯೋಗ ರಚನೆಯಾಯಿತು. ಮೂಲತತ್ವಗಳ ಪಟ್ಟಿಯಿಂದ ಜಾತ್ಯತೀತತೆಯನ್ನು ಕೈಬಿಟ್ಟು ಬಹುತ್ವ ಎಂಬ ಪದ ಸೇರಿಸಬೇಕು ಎಂದು 2025ರ ಜನವರಿಯಲ್ಲಿ ಅದು ಶಿಫಾರಸು ಮಾಡಿತು.