ಬಚ್ಚಲೊಲೆಗೆ ಹಾಕಿದ ಕಸ ಎಲ್ಲಿಗೆ ಹೋಗುತ್ತದೆ?

ಮಲೆನಾಡಿನ ಹಳ್ಳಿಗೆ ಪೇಟೆಯ ಕಸದ ಲೆಕ್ಕ ಹೊಂದುವುದಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ತೋಟ, ಗದ್ದೆ, ಹಳ್ಳ ದಾಟಬೇಕು. ಹಸಿ ಕಸದ ಚಿಂತೆ ಅಲ್ಲಿಲ್ಲ. ಅಕ್ಕಚ್ಚು ದನಕ್ಕೆ, ಉಳಿದದ್ದು ಗೊಬ್ಬರಗುಂಡಿಗೆ. ಅದಕ್ಕಾಗಿ ಪಂಚಾಯ್ತಿ ಗಾಡಿ ಗುಡ್ಡ ಹತ್ತಿದರೆ ಸುಮ್ನೆ ಡೀಸೆಲ್ ದಂಡ. ಉಳಿಯುವುದು ಪ್ಲಾಸ್ಟಿಕ್. ಅದು ಸೇರುವುದು ಬಚ್ಚಲೊಲೆಗೆ. ಮಳೆಗಾಲದಲ್ಲಿ ಹಸಿ ಸೌದೆ ಹತ್ತುವುದಿಲ್ಲ, ಒಂದು ಕವರ್ ತುರುಕಿದರೆ ಭಗ್ ಅಂತ ಉರಿಯುತ್ತದೆ. ಬೆಂಕಿಗೆ ಬಿದ್ದದ್ದೆಲ್ಲ ಶುದ್ಧ ಎಂಬ ನಂಬಿಕೆ ಬೇರೆ!

ಹಾಲಿನ ಪ್ಯಾಕೆಟ್ ಪಾಲಿಥೀನ್. ಅದರಲ್ಲಿರುವುದು ಇಂಗಾಲ, ಜಲಜನಕ. ಅರೆಬರೆ ಉರಿದರೆ ಮಸಿ, ಕಾರ್ಬನ್ ಮಾನಾಕ್ಸೈಡ್. ಅದೂ ಕೆಟ್ಟದ್ದೇ. ಆದರೆ ನನಗೆ ಜಾಸ್ತಿ ಭಯ ಪಿವಿಸಿ ಎಂಬ ಪ್ಲಾಸ್ಟಿಕ್‌ನದು. ಹಳೆ ಪೈಪು, ವೈರಿನ ಸಿಪ್ಪೆ, ರೆಕ್ಸಿನ್, ಚುನಾವಣೆ ಮುಗಿದ ಮೇಲೆ ಉಳಿದ ಫ್ಲೆಕ್ಸ್. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಉರಿಯಲ್ಲಿ ಅದರ ಅಣುಗಳು ಒಡೆಯುತ್ತವೆ. ಹೊಗೆ ತಣ್ಣಗಾಗುತ್ತಾ 400ರಿಂದ 200 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವಾಗ, ಜಾತ್ರೆಯಲ್ಲಿ ಚದುರಿದವರು ವಾಪಸ್ ಬರುವ ದಾರಿಯಲ್ಲಿ ಸಿಕ್ಕ ಹಾಗೆ, ಇಂಗಾಲದ ಚೂರುಗಳೂ ಕ್ಲೋರಿನ್ನೂ ಬೂದಿ ಕಣಗಳ ಮೇಲೆ ಮತ್ತೆ ಕೂಡಿಕೊಳ್ಳುತ್ತವೆ. ಹುಟ್ಟುವುದು ಡಯಾಕ್ಸಿನ್ ಎಂಬ ಘೋರ ವಿಷ. ತಾಮ್ರ ಇದ್ದರೆ ಈ ಕೆಲಸ ಇನ್ನೂ ಚುರುಕು. ಗುಜರಿಗೆ ಹಾಕಲು ವೈರು ಸುಟ್ಟು ತಂತಿ ತೆಗೆಯುವವರು ಗಮನಿಸಬೇಕು.

ತಾಮ್ರದ ಗುಣ ನಮ್ಮ ತೋಟದವರಿಗೆ ಹೊಸದಲ್ಲ. ಅಡಿಕೆ ಕೊಳೆರೋಗಕ್ಕೆ ತಾಮ್ರದ ಬೋರ್ಡೋ ದ್ರಾವಣ ಹೊಡೆಯುವುದನ್ನು 1910ರ ಆಸುಪಾಸಿನಲ್ಲಿ ಮೈಸೂರು ಸಂಸ್ಥಾನದಲ್ಲಿ ರೂಢಿಗೆ ತಂದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. ತೋಟ ಉಳಿಸಿದ ಲೋಹ ಒಲೆಯೊಳಗೆ ಹೀಗೆ ಆಡುತ್ತದೆ.

ಡಯಾಕ್ಸಿನ್ ಹುಲ್ಲಿನ ಮೇಲೆ ಕೂತು, ದನದ ಹೊಟ್ಟೆ ಸೇರಿ, ಹಾಲಿನ ಕೊಬ್ಬಿಗೆ ಬರುತ್ತದೆ. ನಮ್ಮ ದೇಹದೊಳಗೆ ಅದು ಅರ್ಧಕ್ಕೆ ಇಳಿಯಲು 7ರಿಂದ 11 ವರ್ಷ ಬೇಕು. ಒಲೆಯ ಬೂದಿಯನ್ನೂ ಬಾಳೆ ಬುಡಕ್ಕೇ ಹಾಕ್ತೀವಿ, ಅಲ್ವಾ?

ಒಣ ಕಸ ಕೊಳೆಯುವುದಿಲ್ಲ. ವ್ಯವಸ್ಥೆಯನ್ನು ಈ ಗುಣದ ಮೇಲೇ ಕಟ್ಟಬಹುದು. ತೊಳೆದು, ಒಣಗಿಸಿ, ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದರೆ ತಿಂಗಳಾದರೂ ಕಾಯುತ್ತದೆ. ಗಾಡಿ ಮನೆಮನೆಗೆ ಬರಬೇಕಿಲ್ಲ, ತಿಂಗಳಿಗೊಮ್ಮೆ ನ್ಯಾಯಬೆಲೆ ಅಂಗಡಿ ಹತ್ತಿರ ನಿಂತರೆ ಸಾಕು. ಅಕ್ಕಿಗೆ ಜನ ಹೇಗೂ ಬರುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗಿಂತ ಹೆಚ್ಚು ಮಳೆ. ಅಂಥ ಕಡೆ ಕಸದ ಶೆಡ್ಡಿಗೆ ಬರೀ ಮಾಡು ಸಾಲದು, ಇರಚಲು ತಡೆಯುವ ಗೋಡೆಯೂ ಬೇಕು. ನೆನೆದ ರದ್ದಿಯನ್ನು ಗುಜರಿಯವರು ಮುಟ್ಟುವುದಿಲ್ಲ.

ಗುಟ್ಕಾ, ಚಿಪ್ಸ್ ಪೊಟ್ಟಣಗಳನ್ನಂತೂ ಒಣಗಿದ್ದರೂ ಕೊಳ್ಳುವುದಿಲ್ಲ. ಅವುಗಳ ಪದರ ಬಿಡಿಸುವುದು ಕಷ್ಟ. ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಸುಡಬಹುದು. ಅಲ್ಲಿ ಶಾಖ 1400 ಡಿಗ್ರಿ ದಾಟುತ್ತದೆ, ಅಷ್ಟು ಬಿಸಿಗೆ ಡಯಾಕ್ಸಿನ್ ಕೂಡ ಒಡೆದುಹೋಗುತ್ತದೆ. ಆದರೆ ಘಟ್ಟದಿಂದ ಅಲ್ಲಿಗೆ ಸಾಗಿಸುವುದು ಒಂದೇ ಪಂಚಾಯ್ತಿಯ ಕೈಲಾಗದ ಕೆಲಸ. ನಾಲ್ಕಾರು ಪಂಚಾಯ್ತಿ ಸೇರಿ ಒಂದು ಲಾರಿ ಮಾಡಬೇಕು. ಪೊಟ್ಟಣವನ್ನು ಮಾರುಕಟ್ಟೆಗೆ ಬಿಟ್ಟ ಕಂಪನಿಯೇ ಅದನ್ನು ವಾಪಸ್ ಸಂಗ್ರಹಿಸುವ ಹೊಣೆ ಹೊರಬೇಕು ಎನ್ನುತ್ತವೆ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು. ಲಾರಿ ಬಾಡಿಗೆಯನ್ನು ಮೊದಲು ಕೇಳಬೇಕಾದ್ದು ಅವರನ್ನು.