ಖಾತಾ ತೋರಿಸಿದರೆ ಅಮ್ಮ ಸಮಾಧಾನ ಆಗಲ್ಲ

ಕಳೆದ ವಾರ ಒಬ್ಬರು ತಾಯಿಯನ್ನು ಕರೆದುಕೊಂಡು ಬಂದರು. ಕೈಯಲ್ಲಿ ಫೈಲು. ಸ್ಕ್ಯಾನ್ ರಿಪೋರ್ಟ್ ಇರಬೇಕು ಅಂದುಕೊಂಡೆ. ತೆರೆದರೆ ಮನೆಯ ಖಾತಾ, ಕಂದಾಯ ಕಟ್ಟಿದ ರಸೀದಿ! ಸಂಜೆ ಐದೂವರೆ ಆದರೆ ಸಾಕು, ಆ ತಾಯಿ ‘ಮನೆಗೆ ಹೋಗ್ಬೇಕು’ ಅಂತ ಬಾಗಿಲ ಚಿಲಕ ಅಲ್ಲಾಡಿಸುತ್ತಾರೆ. ಮಗ ದಿನಾ ಈ ಫೈಲು ತೆಗೆದು, ‘ಅಮ್ಮಾ, ಇದೇ ನಿನ್ನ ಮನೆ, ನಿನ್ನ ಹೆಸರೇ ಇದೆ ನೋಡು’ ಅನ್ನುತ್ತಾರೆ. ಮೊನ್ನೆ ಆಕೆ ಒಂದು ರಸೀದಿ ಹರಿದು, ಮಗನ ಕೈ ಕಚ್ಚಿದ್ದಾರೆ. ‘ಏನಾದರೂ ಮಾತ್ರೆ ಕೊಡಿ ಡಾಕ್ಟ್ರೇ.’

ಯಾರಿಗೆ ಅಂತ ಕೇಳಬೇಕೆನಿಸಿತು. ನುಂಗಿಕೊಂಡೆ.

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರ ಜೊತೆ ವಾದ ಬೇಡ ಅಂತ ಎಷ್ಟು ಸಲ ಹೇಳಿದ್ದೇನೋ. ಎಲ್ಲರೂ ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಮತ್ತೆ ಫೈಲು ತೆಗೆಯುತ್ತಾರೆ. ಅದಕ್ಕೇ ಬಿಡಿಸಿ ಹೇಳುತ್ತೇನೆ. ಡಿಮೆನ್ಷಿಯಾದಲ್ಲಿ ಹೆಚ್ಚಾಗಿ ಕಾಣುವುದು ಅಲ್ಝೈಮರ್ ಕಾಯಿಲೆ. ಮಿದುಳಿನಲ್ಲಿ ಹೊಸ ನೆನಪು ಕೂಡಿಡುವ ಜಾಗವೇ ಅಲ್ಝೈಮರ್‌ನಲ್ಲಿ ಮೊದಲು ಸವೆಯುವುದು. ನಿಮ್ಮ ಸಾಕ್ಷಿ ನಿಲ್ಲುವುದಕ್ಕೆ ಅಲ್ಲಿ ನೆಲವೇ ಇಲ್ಲ. ಆದರೆ ಸಾಕ್ಷಿ ಹೇಳುವಾಗ ನಿಮ್ಮ ದನಿ ಏರಿತಲ್ಲ, ಆ ಕಸಿವಿಸಿ ಉಳಿಯುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಝೈಮರ್ ಇರುವವರಿಗೆ ದುಃಖದ, ನಗುವಿನ ಸಿನಿಮಾ ತುಣುಕು ತೋರಿಸಿದ್ದರು. ಸ್ವಲ್ಪ ಹೊತ್ತಿಗೆ ಏನು ನೋಡಿದೆವು ಅನ್ನುವುದು ಹೆಚ್ಚುಕಡಿಮೆ ಮರೆತುಹೋಗಿತ್ತು. ಮನಸ್ಸಿನ ಬೇಜಾರು ಮಾತ್ರ ಹಾಗೇ ಇತ್ತು. ನಿಮ್ಮ ಮನೆಯಲ್ಲಿ ಆಗುವುದೂ ಇದೇ. ಖಾತಾ ಮರೆಯುತ್ತದೆ, ಯಾರೋ ಗದರಿದರು ಅನ್ನುವ ಸಂಕಟ ಆಮೇಲೂ ಕಾಡುತ್ತದೆ.

ಹಾಗಾದರೆ ಸುಳ್ಳು ಹೇಳಬೇಕಾ ಅಂತ ಮಗ ಕೇಳಿದರು. ಬೇಡ. ಸುಮ್ನೆ ಕೇಳಿ. ಆಕೆಯ ಪಕ್ಕ ಕೂತು, ‘ಮನೇಲಿ ಏನು ಕೆಲಸ ಇತ್ತಮ್ಮಾ?’ ಅಂದೆ. ‘ಗಂಗೆ ಮೇದು ಬಂದಿರ್ತಾಳೆ, ಹಾಲು ಕರೀಬೇಕಲ್ಲ.’ ಒದೀತಾಳಾ, ಎಷ್ಟು ಹಾಲು ಕೊಡ್ತಾಳೆ ಅಂತೆಲ್ಲ ಕೇಳುತ್ತಾ ಹೋದೆ. ಅಷ್ಟರಲ್ಲಿ ಸೆರಗು ತಿರುಚುತ್ತಿದ್ದ ಕೈ ಸುಮ್ಮನಾಗಿತ್ತು. ಮಗನಿಗೆ ಆ ಹಸುವಿನ ವಿಷಯವೇ ಗೊತ್ತಿರಲಿಲ್ಲ. ಸೊಸೆಗೆ ಗೊತ್ತಿತ್ತು. ಸೊಸೆಯಂದಿರಿಗೆ ಇಂಥದ್ದೆಲ್ಲ ಗೊತ್ತಿರುತ್ತದೆ, ಕೇಳುವವರು ಕಡಿಮೆ.

ಐದು ಗಂಟೆಗೇ ಆಕೆಯ ಕೈಗೆ ಕೆಲಸ ಕೊಡಿ ಅಂದೆ. ಅವರೆಕಾಯಿ ಸುಲಿಯಲಿ, ಬತ್ತಿ ಹೊಸೆಯಲಿ. ಮೊಬ್ಬಾಗುವ ಮೊದಲೇ ಲೈಟು ಹಾಕಿ. ಆ ಹೊತ್ತಿಗೆ ಟಿವಿಯಲ್ಲಿ ಕಿರುಚುವ ಚರ್ಚೆ ಬೇಡ. ಹಾಡು ಹಾಕುವುದಾದರೆ ಆಕೆಯ ಹದಿನೆಂಟು, ಇಪ್ಪತ್ತರ ವಯಸ್ಸಿನ ಹಾಡು ಹಾಕಿ. ಎಲ್ಲರಿಗೂ ಎಲ್ಲವೂ ಹಿಡಿಸುವುದಿಲ್ಲ. ಒಬ್ಬರಿಗೆ ಕೈಗೆ ಎಣ್ಣೆ ಹಚ್ಚಿ ತಿಕ್ಕಿದರೆ ನಿದ್ದೆ ಬರುತ್ತದೆ, ಇನ್ನೊಬ್ಬರಿಗೆ ಮುಟ್ಟಿದರೇ ಸಿಟ್ಟು.

ಒಂದು ಎಚ್ಚರಿಕೆ. ಗಲಾಟೆ ಒಂದೆರಡು ದಿನದಲ್ಲಿ ದಿಢೀರ್ ಶುರುವಾಗಿದ್ದರೆ ಹಾಡು, ಅವರೆಕಾಯಿ ಎಲ್ಲ ಆಮೇಲೆ. ಮೂತ್ರದ ಸೋಂಕು, ಮಲಬದ್ಧತೆ, ಹೇಳಲಾಗದ ಯಾವುದೋ ನೋವು ಇರಬಹುದು. ಮೊದಲು ಡಾಕ್ಟರ ಹತ್ತಿರ ಹೋಗಿ. ಮಾತ್ರೆಯೇ ಬೇಡ ಅಂತಲೂ ನಾನು ಹೇಳುತ್ತಿಲ್ಲ. ತಮಗೋ ಬೇರೆಯವರಿಗೋ ಅಪಾಯ ಮಾಡುವಂತಿದ್ದರೆ ಬರೆಯುತ್ತೇನೆ, ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನಕ್ಕೆ. ಇಂಥ ಗಲಾಟೆ ತಗ್ಗಿಸಲು ಕೊಡುವ ಆಂಟಿಸೈಕೋಟಿಕ್ ಅನ್ನುವ ಮನೋರೋಗದ ಮಾತ್ರೆಗಳಿಂದ ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಜಾಸ್ತಿ ಅಂತ ಅಮೆರಿಕದ ಔಷಧ ಇಲಾಖೆ 2005ರಲ್ಲೇ ಎಚ್ಚರಿಸಿದೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ನಿಲ್ಲಿಸಿ.

ನನಗೆ ಇದನ್ನೆಲ್ಲ ಕಲಿಸಿದವರು ಒಬ್ಬ ನಿವೃತ್ತ ಬಸ್ ಕಂಡಕ್ಟರ್. ಸಂಜೆಯಾದರೆ ಡ್ಯೂಟಿಗೆ ಲೇಟಾಯಿತು ಅಂತ ಮನೆಯವರನ್ನೆಲ್ಲ ತಳ್ಳಾಡುತ್ತಿದ್ದರು. ‘ರಿಟೈರ್ ಆಗಿ ಇಪ್ಪತ್ತು ವರ್ಷ ಆಯ್ತು’ ಅಂದಷ್ಟೂ ರೇಗುತ್ತಿದ್ದರು. ಮೊಮ್ಮಗಳು ಹಳೇ ನೋಟ್‌ಬುಕ್ ಕತ್ತರಿಸಿ ಟಿಕೆಟ್ ಕಟ್ಟು ಮಾಡಿಕೊಟ್ಟಳು, ಒಂದು ಚರ್ಮದ ಚೀಲ, ಸ್ವಲ್ಪ ಚಿಲ್ಲರೆ. ನಾನು ಹೋದಾಗ ಸೋಫಾದಲ್ಲಿ ಕೂತಿದ್ದವರಿಗೆಲ್ಲ ಟಿಕೆಟ್ ಹರಿಯುತ್ತಿದ್ದರು. ‘ಮುಂದೆ ಹೋಗಿ, ಮುಂದೆ ಹೋಗಿ’ ಅಂತ ನನ್ನನ್ನೂ ಒಳಗೆ ಕಳಿಸಿದರು. ನೂರರ ನೋಟು ಕೊಟ್ಟೆ. ಟಿಕೆಟ್ಟಿನ ಹಿಂದೆ ತೊಂಬತ್ತೆರಡು ಅಂತ ಬರೆದುಕೊಟ್ಟು, ಇಳಿಯುವಾಗ ಇಸ್ಕೊಳ್ಳಿ ಅಂದರು. ಆ ಟಿಕೆಟ್ ಇನ್ನೂ ನನ್ನ ಪರ್ಸಿನಲ್ಲಿದೆ.