ಥೆರಪಿ ಕೋಣೆಗೆ ಬಂದ ಕೋರ್ಟಿನ ಪ್ರಶ್ನೆ: ಆಘಾತ, ನೆನಪು ಮತ್ತು ಮುಗಿಯದ ಜಗಳ

1860ರ ದಶಕದ ಇಂಗ್ಲೆಂಡಿನಲ್ಲಿ ರೈಲು ಅಪಘಾತಗಳು ಮೇಲಿಂದ ಮೇಲೆ ಆಗುತ್ತಿದ್ದವು. ಡಿಕ್ಕಿಯಾದ ಗಾಡಿಯಿಂದ ಒಂದು ಗೀರೂ ಇಲ್ಲದೆ ಇಳಿದು ಮನೆಗೆ ಹೋದ ಕೆಲವರು ಆಮೇಲೆ ಹಾಸಿಗೆ ಹಿಡಿಯುತ್ತಿದ್ದರು. ನಿದ್ದೆ ಬಾರದು, ಕೈ ನಡುಗುವುದು, ಹೇಳಿದ್ದು ಮರೆತುಹೋಗುವುದು. ಅವರು ರೈಲ್ವೆ ಕಂಪನಿಗಳ ಮೇಲೆ ಪರಿಹಾರಕ್ಕೆ ಕೇಸು ಹಾಕಿದರು. ಗಾಯವೇ ಕಾಣದಿದ್ದರೆ ಪರಿಹಾರ ಯಾತಕ್ಕೆ ಎಂದು ಕಂಪನಿಗಳು ಕೇಳಿದವು.

1866ರಲ್ಲಿ ಲಂಡನ್ನಿನ ಸರ್ಜನ್ ಜಾನ್ ಎರಿಕ್ ಎರಿಕ್ಸನ್ ಒಂದು ಉತ್ತರ ಕೊಟ್ಟರು. ರೈಲಿನ ಕುಲುಕಾಟದಿಂದ ಬೆನ್ನುಹುರಿಗೆ ಪೆಟ್ಟಾಗಿದೆ, ಅದು ಕಣ್ಣಿಗೆ ಕಾಣುತ್ತಿಲ್ಲ ಅಷ್ಟೇ ಎಂದರು. ಈ ಕಾಯಿಲೆಗೆ 'ರೈಲ್ವೆ ಸ್ಪೈನ್' ಎಂಬ ಹೆಸರೇ ಬಿತ್ತು. 1883ರಲ್ಲಿ ಹರ್ಬರ್ಟ್ ಪೇಜ್ ಎಂಬ ಇನ್ನೊಬ್ಬ ಸರ್ಜನ್ ಇದನ್ನು ಒಪ್ಪಲಿಲ್ಲ. ಬೆನ್ನುಹುರಿಗೆ ಏನೂ ಆಗಿಲ್ಲ, ಇಷ್ಟೆಲ್ಲ ಮಾಡಿದ್ದು ಭಯ ಎಂದರು. ಪೇಜ್ ಹೇಳಿದ್ದು ಇವತ್ತಿನ ತಿಳಿವಳಿಕೆಗೆ ಹೆಚ್ಚು ಹತ್ತಿರ. ಆದರೆ ಅವರು ಒಂದು ರೈಲ್ವೆ ಕಂಪನಿಯ ಸರ್ಜನ್ ಆಗಿದ್ದವರು ಎಂಬುದನ್ನೂ ಮರೆಯಬಾರದು. ಹೆದರಿಕೆಯೊಂದೇ ಮನುಷ್ಯನನ್ನು ಹೀಗೆ ಕೆಡವಬಲ್ಲದು ಎಂಬ ಮಾತು ಹುಟ್ಟಿದ್ದೇ ಪರಿಹಾರದ ಜಗಳದ ನಡುವೆ.

ಆಘಾತ ಮತ್ತು ನೆನಪಿನ ಚರಿತ್ರೆಯನ್ನು ಓದುವಾಗ ನನಗೆ ಮತ್ತೆ ಮತ್ತೆ ಕಾಣುವುದು ಇದೇ. "ನಿಜವಾಗಿ ಆಯ್ತಾ, ಇಲ್ಲ ನಾಟಕವಾ?" ಎಂಬ ಪ್ರಶ್ನೆ ಹುಟ್ಟಿದ್ದು ರೋಗಿಯ ಹಾಸಿಗೆಯ ಪಕ್ಕದಲ್ಲಲ್ಲ. ಅದನ್ನು ಮೊದಲು ಕೇಳಿದ್ದು ರೈಲ್ವೆ ಕಂಪನಿ. ಆಮೇಲೆ ಸೈನ್ಯ ಕೇಳಿತು, ಕೊನೆಗೆ ಕೋರ್ಟು ಕೇಳಿತು. ಥೆರಪಿಸ್ಟರು ಆ ಪ್ರಶ್ನೆಯನ್ನು ತಮ್ಮದು ಮಾಡಿಕೊಂಡು ಉತ್ತರ ಹುಡುಕಲು ಹೊರಟಾಗಲೆಲ್ಲ ಕೆಡುಕಾಗಿದೆ.

ಪ್ಯಾರಿಸ್‌ನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ನರರೋಗ ತಜ್ಞ ಜಾನ್ ಮಾರ್ಟಿನ್ ಶಾರ್ಕೋ 1870 ಮತ್ತು 80ರ ದಶಕಗಳಲ್ಲಿ ಹಿಸ್ಟೀರಿಯಾ (ದೇಹದಲ್ಲಿ ಕಾರಣ ಸಿಗದ ಸೆಳೆತ, ಸ್ವಾಧೀನ ತಪ್ಪುವಿಕೆ) ರೋಗಿಗಳನ್ನು ಪರೀಕ್ಷಿಸುತ್ತಿದ್ದರು. ಹಿಪ್ನಾಸಿಸ್ (ಸಮ್ಮೋಹನ) ಮಾಡಿ ಕೈಕಾಲು ಸ್ವಾಧೀನ ತಪ್ಪುವಂತೆ ಮಾಡಿ ತೋರಿಸುತ್ತಿದ್ದರು. ಅಪಘಾತದ ನಂತರ ಸ್ವಾಧೀನ ಕಳೆದುಕೊಂಡ ಗಂಡಸರಲ್ಲೂ ಮನಸ್ಸಿನ ಇಂಥದ್ದೇ ಪ್ರಭಾವ ಕೆಲಸ ಮಾಡುತ್ತಿದೆ ಎಂದರು. ಆದರೆ ನೆನಪಿನ ವಿಷಯವನ್ನು ನಿಜಕ್ಕೂ ಬಿಡಿಸಿ ನೋಡಿದವರು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಪಿಯರ್ ಜಾನೆ. ಈ ಕಥೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆನಿಸುವ ಜಾಗ ಇದು.

ಜಾನೆ ಹೇಳಿದ್ದರ ತಿರುಳು ಇಷ್ಟು. ದಿನದಿನದ ಅನುಭವಗಳನ್ನು ಮನಸ್ಸು ತನ್ನ ಕಥೆಯೊಳಗೆ ಹೆಣೆದುಕೊಳ್ಳುತ್ತಾ ಹೋಗುತ್ತದೆ. ಭಯ ಮಿತಿ ಮೀರಿದಾಗ ಆ ಹೆಣಿಗೆ ನಡೆಯುವುದಿಲ್ಲ. ಆ ಘಟನೆ ಕಳಚಿಕೊಂಡು ಪ್ರತ್ಯೇಕವಾಗಿ ಉಳಿಯುತ್ತದೆ. ಅದಕ್ಕೆ ಮಾತು ಬರುವುದಿಲ್ಲ. ಆದರೆ ಅದು ಚಿತ್ರವಾಗಿ, ನಡುಕವಾಗಿ, ವರ್ತನೆಯಾಗಿ ತಾನೇ ತಾನಾಗಿ ಮರಳುತ್ತದೆ. 1889ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಇದನ್ನು ವಿವರಿಸಿದರು. ಇವತ್ತು ನಾವು ಡಿಸೋಸಿಯೇಷನ್ ಎನ್ನುವ ವಿಚಾರದ ಬೇರು ಅಲ್ಲಿದೆ.

ಅವರ ರೋಗಿಗಳಲ್ಲಿ ಒಬ್ಬಳು ಐರೀನ್. ಕ್ಷಯ ಹಿಡಿದ ತಾಯಿಯನ್ನು ಹಗಲುರಾತ್ರಿ ನೋಡಿಕೊಂಡ ಹುಡುಗಿ. ತಾಯಿ ಸತ್ತ ರಾತ್ರಿ ಹೆಣವನ್ನು ಎಬ್ಬಿಸಲು, ಔಷಧಿ ಕುಡಿಸಲು ಪಟ್ಟುಹಿಡಿದಿದ್ದಳು. ಆಮೇಲೆ "ಅಮ್ಮ ಸತ್ತದ್ದು ನನಗೆ ನೆನಪೇ ಇಲ್ಲ, ಎಲ್ಲರೂ ಹೇಳುತ್ತಾರೆ, ಇರಬಹುದು" ಎಂಬ ಅರ್ಥದ ಮಾತಾಡುತ್ತಿದ್ದಳು. ಆದರೆ ಖಾಲಿ ಹಾಸಿಗೆಯೊಂದು ಕಣ್ಣಿಗೆ ಬಿದ್ದರೆ ಸಾಕು, ಆ ರಾತ್ರಿಯ ಪ್ರತಿಯೊಂದು ಚಲನೆಯನ್ನೂ ಗಂಟೆಗಟ್ಟಲೆ ಮತ್ತೆ ಮಾಡುತ್ತಿದ್ದಳು. ಕಥೆಯಾಗಿ ಹೇಳಬಲ್ಲ ನೆನಪು ಬೇರೆ, ಹೀಗೆ ಮೈಯಲ್ಲಿ ಆಡಿಸುವ ನೆನಪು ಬೇರೆ ಎಂದು ಜಾನೆ ಹೇಳಿದ್ದು ಇವಳನ್ನು ನೋಡಿ.

ಇನ್ನೊಬ್ಬಳ ಹೆಸರು ಮರಿ (Marie), 19 ವರ್ಷದವಳು. ಎಡಗಣ್ಣು ಕಾಣುತ್ತಿರಲಿಲ್ಲ. ಹಿಪ್ನಾಸಿಸ್‌ನಲ್ಲಿ ಹೊರಬಂದ ಕಾರಣ ಹೀಗಿತ್ತು: ಆರು ವರ್ಷದವಳಿದ್ದಾಗ, ಎಡಗೆನ್ನೆಯ ತುಂಬ ಹುಣ್ಣಾಗಿದ್ದ ಮಗುವಿನ ಪಕ್ಕ ಅವಳನ್ನು ಬಲವಂತವಾಗಿ ಮಲಗಿಸಿದ್ದರು. ಜಾನೆ ಏನು ಮಾಡಿದರು? ಅವಳನ್ನು ಆ ರಾತ್ರಿಗೆ ಕರೆದೊಯ್ದು, ಆ ಮಗುವಿಗೆ ಹುಣ್ಣೇ ಇಲ್ಲ, ಮುದ್ದಾಗಿದೆ ಎಂದು ನಂಬಿಸಿದರು. ಅವಳು ಆ ಕಾಣದ ಮಗುವನ್ನು ನೇವರಿಸಿದಳು. ಎಚ್ಚರವಾದಾಗ ಎಡಗಣ್ಣು ಕಾಣುತ್ತಿತ್ತು ಎಂದು ಜಾನೆ ಬರೆದಿದ್ದಾರೆ.

ಇದನ್ನು ಒಂದು ಕ್ಷಣ ಯೋಚಿಸಿ. ಆಘಾತದ ನೆನಪು ಹೇಗೆ ಕಳಚಿಕೊಳ್ಳುತ್ತದೆ ಎಂದು ತೋರಿಸಿದ ವೈದ್ಯರೇ, ಆ ನೆನಪನ್ನು ಅಳಿಸಿ ಸುಳ್ಳು ನೆನಪೊಂದನ್ನು ನೆಟ್ಟರು. ನೂರು ವರ್ಷಗಳ ನಂತರ ಎರಡು ಗುಂಪುಗಳು ಹೊಡೆದಾಡಿದ ಎರಡು ವಾದಗಳೂ ಆ ಒಂದೇ ಕೋಣೆಯಲ್ಲಿದ್ದವು. ಜಾನೆಗೆ ಅವುಗಳ ನಡುವೆ ವಿರೋಧ ಕಾಣಲಿಲ್ಲ. ಅವರಿಗೆ ಬೇಕಿದ್ದದ್ದು ಮರಿಯ ಕಣ್ಣು.

ಮನೋವಿಶ್ಲೇಷಣೆ ಹುಟ್ಟುಹಾಕಿದ ಫ್ರಾಯ್ಡ್ ವಿಷಯ ಎಲ್ಲರಿಗೂ ಗೊತ್ತಿರುವುದೇ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. 1896ರಲ್ಲಿ ವಿಯೆನ್ನಾದ ವೈದ್ಯರ ಮುಂದೆ 18 ರೋಗಿಗಳ ಉದಾಹರಣೆ ಕೊಟ್ಟು, ಹಿಸ್ಟೀರಿಯಾದ ಮೂಲ ಬಾಲ್ಯದ ಲೈಂಗಿಕ ದೌರ್ಜನ್ಯ ಎಂದರು. 1897ರ ಸೆಪ್ಟೆಂಬರ್‌ನಲ್ಲಿ ಗೆಳೆಯ ಫ್ಲೀಸ್‌ಗೆ ಪತ್ರ ಬರೆದು, ಈ ಸಿದ್ಧಾಂತವನ್ನು ಇನ್ನು ನಂಬುವುದಿಲ್ಲ ಎಂದರು. ಆಮೇಲೆ ಒಳಮನಸ್ಸಿನ ಬಯಕೆ, ಕಲ್ಪನೆಗಳೇ ಮುಂದೆ ಬಂದವು. ಅವರು ಹಿಂದೆ ಸರಿದದ್ದಕ್ಕೆ ಕಾರಣ ಅಂಜಿಕೆಯೋ ಪುರಾವೆಯ ಕೊರತೆಯೋ ಎಂಬ ವಾದ ಇನ್ನೂ ನಡೆಯುತ್ತಲೇ ಇದೆ. ಫಲ ಮಾತ್ರ ಸ್ಪಷ್ಟ. ಮನೆಯೊಳಗೆ ನಿಜವಾಗಿ ಏನಾಯಿತು ಎಂದು ಕೇಳುವುದು ಮನೋವೈದ್ಯರ ನಡುವೆ ಬಹಳ ಕಾಲ ಹಿಂದೆ ಬಿತ್ತು. 1975ರ ಹೊತ್ತಿಗೂ ಅಮೆರಿಕದ ಪ್ರಮುಖ ಮನೋವೈದ್ಯಕೀಯ ಪಠ್ಯವೊಂದು, ಮನೆಯೊಳಗಿನ ಇಂಥ ದೌರ್ಜನ್ಯ ಹತ್ತು ಲಕ್ಷಕ್ಕೆ ಒಂದರಷ್ಟು ಅಪರೂಪ ಎನ್ನುತ್ತಿತ್ತು.

ಸೈನಿಕರ ಸರದಿ

1915ರಲ್ಲಿ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಮೈಯರ್ಸ್ 'ದಿ ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ 'ಶೆಲ್ ಶಾಕ್' (ಯುದ್ಧದ ಸ್ಫೋಟಗಳ ನಡುವೆ ಸೈನಿಕರಿಗೆ ಆಗುತ್ತಿದ್ದ ಆಘಾತ) ಬಗ್ಗೆ ಬರೆದರು. ಕಣ್ಣು ಮಂಜಾದ, ನೆನಪು ಹೋದ ಸೈನಿಕರು ಅವರ ಮುಂದಿದ್ದರು. ಸೈನ್ಯದ ಪ್ರಶ್ನೆ ಮತ್ತೆ ಅದೇ: ಇವನು ರೋಗಿಯಾ, ಹೇಡಿಯಾ? ಮೊದಲ ಮಹಾಯುದ್ಧದಲ್ಲಿ ಓಡಿಹೋದ, ಹೇಡಿತನ ತೋರಿದ ಎಂಬಂಥ ಆರೋಪಗಳ ಮೇಲೆ ಗುಂಡಿಕ್ಕಿದ 306 ಸೈನಿಕರಿಗೆ ಬ್ರಿಟನ್ ಕ್ಷಮೆ ಕೊಟ್ಟದ್ದು 2006ರಲ್ಲಿ. ಅವರಲ್ಲಿ ಕೆಲವರಾದರೂ ಶೆಲ್ ಶಾಕ್‌ನಿಂದ ನರಳುತ್ತಿದ್ದರು ಎಂದು ಕುಟುಂಬದವರು ದಶಕಗಳ ಕಾಲ ಹೋರಾಡಿದ್ದರು.

1940ರಲ್ಲಿ ಮೈಯರ್ಸ್ ಒಂದು ಸೂಕ್ಷ್ಮ ಮಾತು ಬರೆದರು. ಈ ಸೈನಿಕರಲ್ಲಿ ಎರಡು ಸ್ಥಿತಿಗಳು ಅದಲುಬದಲಾಗುತ್ತವೆ. ಒಂದು ಮೇಲ್ನೋಟಕ್ಕೆ ಸರಿಯಾಗಿದೆ, ಕೆಲಸ ಮಾಡುತ್ತದೆ, ನಡೆದದ್ದನ್ನು ನೆನೆಯುವುದಿಲ್ಲ. ಇನ್ನೊಂದು ಆ ಭಯದೊಳಗೇ ಸಿಕ್ಕಿಕೊಂಡಿದೆ. ಇದೇ ಮಾತನ್ನು ಡಿಸೋಸಿಯೇಷನ್ ಬಗ್ಗೆ ಕೆಲಸ ಮಾಡುವವರು 2000ದ ದಶಕದಲ್ಲಿ ಮತ್ತೆ ಕೈಗೆತ್ತಿಕೊಂಡರು.

ಎರಡನೇ ಮಹಾಯುದ್ಧದಲ್ಲಿ ಸೋಡಿಯಂ ಪೆಂಟೋಥಾಲ್, ಅಮೈಟಾಲ್ ಚುಚ್ಚುಮದ್ದು ಕೊಟ್ಟು ಸೈನಿಕರ ಬಾಯಿ ಬಿಡಿಸಲಾಯಿತು. ಮಂಪರಿನಲ್ಲಿ ಅವರು ಅತ್ತರು, ಕೂಗಿದರು, ಮರೆತದ್ದನ್ನು ಹೇಳಿದರು. ಹಲವರಿಗೆ ಹಗುರವೂ ಆಯಿತು. ಆದರೆ ಇದರಿಂದ ಒಂದು ತಪ್ಪು ನಂಬಿಕೆ ಬೇರೂರಿತು. ಮದ್ದೋ ಹಿಪ್ನಾಸಿಸ್ಸೋ ಕೊಟ್ಟರೆ ನೆನಪು ಇದ್ದ ಹಾಗೇ ಹೊರಬರುತ್ತದೆ ಎಂದು ಜನ ಅಂದುಕೊಂಡರು.

ರೋಗಪಟ್ಟಿಯ ಕಥೆಯೂ ಏರಿಳಿತದ್ದೇ. ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿ 1952ರಲ್ಲಿ ಭಾರೀ ಒತ್ತಡದ ಪ್ರತಿಕ್ರಿಯೆಗೆ ಜಾಗ ಇತ್ತು. 1968ರಲ್ಲಿ, ವಿಯೆಟ್ನಾಂ ಯುದ್ಧದ ಮಧ್ಯದಲ್ಲೇ, ಅದನ್ನು ತೆಗೆದುಹಾಕಿದರು! ವಾಪಸ್ ಬಂದ ಸೈನಿಕರು ತಮ್ಮ ತಮ್ಮಲ್ಲೇ ಗುಂಪು ಕೂತು ಮಾತಾಡತೊಡಗಿದರು. ಅದೇ ಕಾಲಕ್ಕೆ ಬಾಸ್ಟನ್ನಿನಲ್ಲಿ ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಮ್ ಅತ್ಯಾಚಾರಕ್ಕೊಳಗಾದ ಮಹಿಳೆಯರ ಜೊತೆ ಆಸ್ಪತ್ರೆಯಲ್ಲೇ ಮಾತಾಡಿ, 1974ರಲ್ಲಿ ಅವರ ಲಕ್ಷಣಗಳನ್ನು ದಾಖಲಿಸಿದರು. ಯುದ್ಧಕ್ಕೆ ಹೋದವರ ಲಕ್ಷಣಗಳಿಗೆ ಅವು ಬಹಳ ಹತ್ತಿರವಿದ್ದವು. 1980ರಲ್ಲಿ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ) ಅಧಿಕೃತ ಕಾಯಿಲೆಯಾಯಿತು. ನೊಂದವರೇ ಪಟ್ಟುಹಿಡಿದು ಇದನ್ನು ಗಳಿಸಿದರು ಎಂದರೂ ತಪ್ಪಿಲ್ಲ.

ಅಗೆದು ತೆಗೆದ ನೆನಪುಗಳು

ಮುಂದಿನ ಹದಿನೈದು ವರ್ಷ ಈ ಕ್ಷೇತ್ರದ ಅತ್ಯಂತ ಕಹಿಯಾದ ಕಾಲ. 1973ರಲ್ಲೇ ಒಂದು ಪುಸ್ತಕ, 16 ವ್ಯಕ್ತಿತ್ವಗಳುಳ್ಳ ಮಹಿಳೆಯೊಬ್ಬಳ ಕಥೆ ಹೇಳಿ ಅಮೆರಿಕದಲ್ಲಿ ಲಕ್ಷಗಟ್ಟಲೆ ಮಾರಾಟವಾಗಿತ್ತು. ಅವಳ ಚಿಕಿತ್ಸೆಯಲ್ಲೂ ಪೆಂಟೋಥಾಲ್ ಧಾರಾಳವಾಗಿ ಬಳಕೆಯಾಗಿತ್ತು. 80ರ ದಶಕದಲ್ಲಿ ಹಲವು ಥೆರಪಿಸ್ಟರು, ನಿಮ್ಮ ಖಿನ್ನತೆಗೆ ಕಾರಣ ನೀವು ಮರೆತಿರುವ ದೌರ್ಜನ್ಯ ಎಂದು ಮೊದಲೇ ತೀರ್ಮಾನಿಸಿ ಹುಡುಕಾಟ ಶುರುಮಾಡಿದರು. ಹಿಪ್ನಾಸಿಸ್, ಕನಸಿನ ಅರ್ಥ ಬಿಡಿಸುವುದು, 'ಹೇಗಾಗಿರಬಹುದು ಅಂತ ಕಲ್ಪಿಸಿಕೊಳ್ಳಿ' ಎನ್ನುವುದು, ಎಲ್ಲವೂ ನಡೆಯಿತು.

ಕ್ಯಾಲಿಫೋರ್ನಿಯಾದ ಒಂದು ಶಿಶುವಿಹಾರದ ಮೇಲೆ 1983ರಲ್ಲಿ ಆರೋಪ ಬಂತು. ಸಣ್ಣ ಮಕ್ಕಳಿಗೆ ಒಂದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಿ, ಉತ್ತರವನ್ನು ಬಾಯಿಗೆ ತುರುಕಿದಂತೆ ವಿಚಾರಣೆ ನಡೆಯಿತು. ಏಳು ವರ್ಷದ ಕೊನೆಗೆ, 1990ರಲ್ಲಿ, ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಅದೇ ರಾಜ್ಯದಲ್ಲಿ ಅದೇ ವರ್ಷ, ಇಪ್ಪತ್ತು ವರ್ಷಗಳ ನಂತರ ಮಗಳಿಗೆ ಮರಳಿದ ನೆನಪಿನ ಆಧಾರದ ಮೇಲೆ ತಂದೆಯೊಬ್ಬನಿಗೆ ಕೊಲೆ ಕೇಸಿನಲ್ಲಿ ಶಿಕ್ಷೆಯಾಯಿತು. 1995ರಲ್ಲಿ ಆ ತೀರ್ಪು ರದ್ದಾಯಿತು. 1992ರಲ್ಲಿ ಫಿಲಡೆಲ್ಫಿಯಾದಲ್ಲಿ ಆರೋಪ ಹೊತ್ತ ತಂದೆತಾಯಿಯರ ಕಡೆಯಿಂದ 'ಫಾಲ್ಸ್ ಮೆಮೊರಿ ಸಿಂಡ್ರೋಮ್ ಫೌಂಡೇಶನ್' ಹುಟ್ಟಿತು. 2019ರಲ್ಲಿ ಮುಚ್ಚಿತು. ಅದರ ಹೆಸರಿನಲ್ಲಿದ್ದ 'ಸಿಂಡ್ರೋಮ್' ಯಾವ ಅಧಿಕೃತ ರೋಗಪಟ್ಟಿಗೂ ಸೇರಲಿಲ್ಲ.

ಸಂಶೋಧಕರು ಎರಡು ಕಡೆ ನಿಂತರು. ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ 1995ರಲ್ಲಿ 24 ಜನರಿಗೆ, ನೀವು ಚಿಕ್ಕವರಿದ್ದಾಗ ಶಾಪಿಂಗ್ ಮಾಲ್‌ನಲ್ಲಿ ಕಳೆದುಹೋಗಿದ್ದಿರಿ ಎಂಬ ಸುಳ್ಳು ಕಥೆ ಹೇಳಿದರು. ಸುಮಾರು ಕಾಲು ಭಾಗ ಜನ ಅದನ್ನು ಪೂರ್ತಿಯಾಗಿಯೋ ಅರ್ಧಂಬರ್ಧವಾಗಿಯೋ 'ನೆನಪಿಸಿಕೊಂಡರು'. ಅದಕ್ಕೂ ಮುಂಚೆ, 1994ರಲ್ಲಿ, ಲಿಂಡಾ ಮೇಯರ್ ವಿಲಿಯಮ್ಸ್ ಇನ್ನೊಂದು ಬಗೆಯ ಕೆಲಸ ಮಾಡಿದ್ದರು. ಬಾಲ್ಯದಲ್ಲಿ ದೌರ್ಜನ್ಯವಾಗಿ ದಾಖಲೆಯೂ ಆಗಿದ್ದ 129 ಮಹಿಳೆಯರನ್ನು ಸುಮಾರು 17 ವರ್ಷಗಳ ನಂತರ ಹುಡುಕಿ ಮಾತಾಡಿಸಿದರು. 38 ಶೇಕಡ ಮಂದಿ ಆ ಘಟನೆಯ ಪ್ರಸ್ತಾಪವನ್ನೇ ಮಾಡಲಿಲ್ಲ. ಕೆಲವರು ಹೇಳಲು ಇಷ್ಟಪಡದೆ ಸುಮ್ನೆ ಇದ್ದಿರಬಹುದು ಎಂಬ ಆಕ್ಷೇಪ ಬಂತು. ಆದರೂ ಈ ಎರಡು ಅಧ್ಯಯನಗಳನ್ನು ಎದುರುಬದುರು ನಿಲ್ಲಿಸಿದ್ದು ನನಗೆ ಸರಿ ಕಾಣುವುದಿಲ್ಲ. ಆಗದ್ದು ನೆನಪಾಗಬಹುದು. ಆದದ್ದು ನೆನಪಿನಿಂದ ಜಾರಬಹುದು. ಒಂದು ನಿಜವಾದರೆ ಇನ್ನೊಂದು ಸುಳ್ಳಾಗಬೇಕು ಅಂತ ಏನೂ ಇಲ್ಲ, ಅಲ್ವಾ?

ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಮೂವರು ಚಿಕಿತ್ಸಕರು, ಮೂವರು ನೆನಪಿನ ಸಂಶೋಧಕರನ್ನು ಕೂರಿಸಿ ಸಮಿತಿ ಮಾಡಿತು. 1996ರ ಅಂತಿಮ ವರದಿಯಲ್ಲಿ ಬಹುಪಾಲು ವಿಷಯಗಳಲ್ಲಿ ಅವರಿಗೆ ಒಮ್ಮತ ಬರಲಿಲ್ಲ. ಒಪ್ಪಿದ ಕೆಲವೇ ಮಾತುಗಳಲ್ಲಿ ಮುಖ್ಯವಾದವು ಇವು: ದೌರ್ಜನ್ಯಕ್ಕೊಳಗಾದ ಬಹುಪಾಲು ಜನರಿಗೆ ಅದು ಪೂರ್ತಿಯೋ ಸ್ವಲ್ಪವೋ ನೆನಪಿರುತ್ತದೆ, ಬಹುಕಾಲ ಮರೆತದ್ದು ನೆನಪಿಗೆ ಬರುವುದೂ ಸಾಧ್ಯ, ನಡೆಯದ್ದು ನಡೆದಂತೆ ನಂಬುವುದೂ ಸಾಧ್ಯ.

2007ರಲ್ಲಿ ಎಲ್ಕೆ ಗೆರಾರ್ಟ್ಸ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ ಈ ಜಗಳಕ್ಕೆ ಒಳ್ಳೆಯ ಬೆಳಕು ಚೆಲ್ಲುತ್ತದೆ. ಸದಾ ನೆನಪಿದ್ದ ದೌರ್ಜನ್ಯಗಳಲ್ಲಿ 45 ಶೇಕಡಕ್ಕೆ ಹೊರಗಿನ ಪುರಾವೆ ಸಿಕ್ಕಿತು. ಥೆರಪಿಯ ಹೊರಗೆ, ತಾನಾಗಿ ಮರಳಿದ ನೆನಪುಗಳಲ್ಲಿ 37 ಶೇಕಡಕ್ಕೆ ಸಿಕ್ಕಿತು. ಥೆರಪಿಯಲ್ಲಿ ಮರಳಿದ ನೆನಪುಗಳಲ್ಲಿ ಒಂದಕ್ಕೂ ಸಿಗಲಿಲ್ಲ. ಆ ಕೊನೆಯ ಗುಂಪಿನಲ್ಲಿದ್ದವರು ಬರೀ 16 ಮಂದಿ, ಹಾಗಾಗಿ ಎಚ್ಚರದಿಂದ ಓದಬೇಕು. ಪುರಾವೆ ಸಿಗದ್ದೆಲ್ಲ ಸುಳ್ಳು ಎಂದೂ ಅಲ್ಲ. ಆದರೂ ನೆನಪು ತಾನಾಗಿ ಬರುವುದಕ್ಕೂ, ಅದನ್ನು ಅಗೆದು ತೆಗೆಯುವುದಕ್ಕೂ ವ್ಯತ್ಯಾಸ ಇದೆ ಎಂದು ಇದು ಸೂಚಿಸುತ್ತದೆ.

ಈಗ ಕೋಣೆಯಲ್ಲಿ ಏನಾಗುತ್ತಿದೆ

ಆ ಗದ್ದಲದಲ್ಲಿ ಹೆಚ್ಚು ಏಟು ತಿಂದವರು ಡಿಸೋಸಿಯೇಷನ್ ಇರುವ ಸಾಮಾನ್ಯ ರೋಗಿಗಳು. ಈ ತೊಂದರೆ ಎಂದರೆ ಬರೀ ಹಲವು ವ್ಯಕ್ತಿತ್ವಗಳ ಕಥೆ ಅಂತ ಜನ ಅಂದುಕೊಂಡುಬಿಟ್ಟರು. ಹೆಚ್ಚಿನವರ ಅನುಭವ ಬೇರೆಯೇ. ಮಾತಾಡುತ್ತಿರುವಾಗಲೇ ತಾನು ದೂರದಿಂದ ತನ್ನನ್ನೇ ನೋಡುತ್ತಿರುವಂತೆ ಅನಿಸುತ್ತದೆ. ಕೈ ತನ್ನದಲ್ಲ ಎನಿಸುತ್ತದೆ. ಸುತ್ತಲಿನದ್ದು ಗಾಜಿನ ಆಚೆ ಇದ್ದಂತೆ ಕಾಣುತ್ತದೆ. ರುತ್ ಲೇನಿಯಸ್ ಅವರ ತಂಡ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಆಘಾತ ನೆನೆದ ಪಿಟಿಎಸ್‌ಡಿ ರೋಗಿಗಳೆಲ್ಲ ಒಂದೇ ರೀತಿ ಇರಲಿಲ್ಲ. ಬಹುಪಾಲು ಜನರ ಎದೆಬಡಿತ ಏರಿತು. ಇನ್ನು ಕೆಲವರು ಮರಗಟ್ಟಿ ಕಳಚಿಕೊಂಡರು. 2013ರಲ್ಲಿ ಅಮೆರಿಕದ ಪಟ್ಟಿ ಈ ಎರಡನೆಯ ಬಗೆಯನ್ನು ಪಿಟಿಎಸ್‌ಡಿಯ ಉಪವಿಭಾಗ ಎಂದು ಒಪ್ಪಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ 'ಕಾಂಪ್ಲೆಕ್ಸ್ ಪಿಟಿಎಸ್‌ಡಿ'ಯನ್ನು, ಅಂದರೆ ಹೆಚ್ಚಾಗಿ ದೀರ್ಘಕಾಲ ಮತ್ತೆ ಮತ್ತೆ ಆದ ಆಘಾತದಿಂದ ಬರುವ ಬಗೆಯನ್ನು, ಸೇರಿಸಿಕೊಂಡಿತು.

1992ರಲ್ಲಿ ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ ಚಿಕಿತ್ಸೆಗೆ ಒಂದು ಕ್ರಮ ಹೇಳಿದರು. ಮೊದಲು ಸುರಕ್ಷತೆ. ಆಮೇಲೆ ನೆನಪು ಮತ್ತು ದುಃಖ. ಆಮೇಲೆ ಜನರೊಡನೆ ಮತ್ತೆ ಬೆರೆಯುವುದು. ಮೊದಲ ಹಂತ ಎಲ್ಲರಿಗೂ ಅಷ್ಟು ಉದ್ದ ಬೇಕಾ ಎಂಬ ಚರ್ಚೆ ಇದೆ. ಈಗಾಗಲೇ ನೆನಪಿರುವ ಘಟನೆಯನ್ನು ನೇರವಾಗಿ ಎದುರಿಸುವ ಚಿಕಿತ್ಸೆಗಳೂ ಬಂದಿವೆ, ಅವುಗಳಿಗೆ ಒಳ್ಳೆಯ ಪುರಾವೆಯೂ ಇದೆ. ಗಮನಿಸಿ, ಅಲ್ಲಿ ಕೆಲಸ ನಡೆಯುವುದು ನೆನಪಿರುವುದರ ಮೇಲೆ. ಮರೆತದ್ದನ್ನು ಹುಡುಕುವ ಕೆಲಸ ಅವುಗಳಲ್ಲಿ ಇಲ್ಲ.

ಥೆರಪಿಯಲ್ಲಿ ಕೂತವರು ಒಂದು ದಿನ "ಇದು ನಿಜವಾಗಿ ಆಯ್ತಾ?" ಎಂದು ಕೇಳಿಯೇ ಕೇಳುತ್ತಾರೆ. ಒಳ್ಳೆಯ ಥೆರಪಿಸ್ಟ್ ಆಗ ಹೌದು ಎನ್ನುವುದೂ ಇಲ್ಲ, ಇಲ್ಲ ಎನ್ನುವುದೂ ಇಲ್ಲ. ನೀವು ಪಡುತ್ತಿರುವ ನೋವು ನಿಜ, ಅದಕ್ಕೆ ಚಿಕಿತ್ಸೆ ಈಗಲೇ ಶುರುಮಾಡಬಹುದು, ನಡೆದದ್ದರ ಬಗ್ಗೆ ತೀರ್ಪು ಕೊಡಲು ನಾನು ಅಲ್ಲಿ ಇರಲಿಲ್ಲ ಎನ್ನುತ್ತಾರೆ. ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಕಾಲು ನೆಲಕ್ಕೆ ತಾಗಿರುವುದನ್ನು, ಕೋಣೆಯಲ್ಲಿರುವ ವಸ್ತುಗಳನ್ನು ಗಮನಿಸುವಂತೆ ಹೇಳಿ ಕಳಚಿಕೊಂಡ ಮನಸ್ಸನ್ನು ಈ ಹೊತ್ತಿಗೆ ಕರೆತರುತ್ತಾರೆ. ಇದಕ್ಕೆ ಬದಲು, ಹಿಪ್ನಾಸಿಸ್ ಮಾಡಿ ಮರೆತದ್ದನ್ನು ಹೊರತೆಗೆಯುತ್ತೇನೆ ಎಂದೋ, ನಿಮ್ಮ ಲಕ್ಷಣ ನೋಡಿದರೆ ಬಾಲ್ಯದಲ್ಲಿ ಏನೋ ಆಗಿರಲೇಬೇಕು ಎಂದೋ ಯಾರಾದರೂ ಹೇಳಿದರೆ, ಅಲ್ಲಿಂದ ಎದ್ದು ಬಂದು ಬೇರೊಬ್ಬರನ್ನು ನೋಡಿ. ನಿಮಗೆ ಮೊದಲಿಂದಲೂ ನೆನಪಿರುವುದನ್ನು ಹೇಳಿದಾಗ 'ಅದೆಲ್ಲ ಕಲ್ಪನೆ' ಎಂದು ತಳ್ಳಿಹಾಕುವವರ ಬಳಿಯೂ ಕೂರಬೇಕಾಗಿಲ್ಲ.